‘ಸರ್ವರ್ ಇಲ್ಲ’ ಎಂದರೆ ಏನಿಲ್ಲ?

ನಾಡಕಚೇರಿಗೆ ಜಾತಿ-ಆದಾಯ ಪ್ರಮಾಣಪತ್ರಕ್ಕೆಂದು ಹೋದವರು, ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರು, ನೋಂದಣಿ ಕಚೇರಿಯಲ್ಲಿ ಸಾಕ್ಷಿಗಳನ್ನು ಕೂರಿಸಿಕೊಂಡು ಕಾದವರು – ಎಲ್ಲರೂ ಒಮ್ಮೆಯಾದರೂ ಕೇಳಿರುವ ಮಾತು ‘ಸರ್ವರ್ ಇಲ್ಲ’. ಹಿಂದೆ ‘ಸಾಹೇಬರು ಇಲ್ಲ, ನಾಳೆ ಬನ್ನಿ’ ಎನ್ನುತ್ತಿದ್ದರು. ಸಾಹೇಬರು ಎಲ್ಲಿಗೆ ಹೋಗಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದಾದರೂ ಆಗ ಕೇಳಬಹುದಿತ್ತು. ಸರ್ವರ್ ವಿಷಯದಲ್ಲಿ ಹಾಗೆ ಕೇಳುವವರು ಕಡಿಮೆ. ಒಂದು ದಿನದ ಕೂಲಿ ಬಿಟ್ಟು ಬಂದವರೂ ಸುಮ್ಮನೆ ಮರಳಿ ಬಸ್ಸು ಹತ್ತುತ್ತಾರೆ.

ಆದರೆ ಆ ಹೊತ್ತಿನಲ್ಲಿ ನಿಜವಾಗಿ ಇಲ್ಲದಿರುವುದು ಯಾವುದು? ದೂರದ ಯಂತ್ರವೇ? ನಡುವಿನ ತಂತಿಯೇ? ಅಥವಾ ಕೇಳಿದವರು ಕೇಳಿದ ಕ್ರಮವೇ ತಪ್ಪೇ? ಈ ಮೂರೂ ಬೇರೆ ಬೇರೆ ಸಂಗತಿಗಳು. ಮೂರಕ್ಕೂ ಪರಿಹಾರ ಬೇರೆ ಬೇರೆ. ಸ್ವಾರಸ್ಯವೆಂದರೆ, ಇವುಗಳಲ್ಲಿ ಯಾವುದು ಎಂಬುದನ್ನು ಬಹಳಷ್ಟು ಸಲ ಯಂತ್ರವೇ ಮೂರಂಕಿಯ ಒಂದು ಸಂಖ್ಯೆಯಲ್ಲಿ ಹೇಳಿರುತ್ತದೆ. ಅದನ್ನು ಓದಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಹತ್ತನೇ ತರಗತಿಯ ತಿಳಿವಳಿಕೆ ಸಾಕು.

ಕೇಳಿದರಷ್ಟೇ ಬಡಿಸುವವ

ಸರ್ವರ್ ಎಂಬುದು ಅಗೋಚರ ಶಕ್ತಿಯೇನೂ ಅಲ್ಲ. ಅದೂ ಒಂದು ಗಣಕಯಂತ್ರವೇ. ಹಗಲೂ ರಾತ್ರಿ ಚಾಲೂ ಇದ್ದು, ಬೇರೆ ಗಣಕಗಳು ಕೇಳಿದ್ದನ್ನು ಕೊಡುವುದು ಅದರ ಕೆಲಸ. ಇಂಗ್ಲಿಷಿನ ಆ ಪದಕ್ಕೆ ‘ಬಡಿಸುವವ’ ಎಂಬ ಅರ್ಥವೂ ಇದೆ. ಆದರೆ ಇದು ಮದುವೆ ಮನೆಯ ಪಂಕ್ತಿಯ ಬಡಿಸುವಿಕೆಯಲ್ಲ. ಅಲ್ಲಿ ಬೇಡವೆಂದು ಕೈ ಅಡ್ಡ ಹಿಡಿದರೂ ಎಲೆಗೆ ಹೋಳಿಗೆ ಬೀಳುತ್ತದೆ. ಇದು ಹೋಟೆಲಿನ ಸಪ್ಲೈಯರ್ ಬಡಿಸುವಂತೆ. ಗಿರಾಕಿ ಬಾಯಿಬಿಟ್ಟು ಕೇಳುವ ತನಕ ಮೇಜಿನ ಮೇಲೆ ಏನೂ ಬರುವುದಿಲ್ಲ.

ಹಾಗಾದರೆ ಗಿರಾಕಿ ಯಾರು? ಫೋನ್ ಅಥವಾ ಗಣಕದಲ್ಲಿರುವ ಬ್ರೌಸರ್ ಎಂಬ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮುಂತಾದವು ಬ್ರೌಸರ್‌ಗಳು. ತೆರೆಯ ಮೇಲೆ ಒಂದು ಕಡೆ ಬೆರಳಿಟ್ಟರೆ ಬ್ರೌಸರ್ ಒಂದು ಕೋರಿಕೆಯನ್ನು ಬರೆದು ಸರ್ವರಿಗೆ ಕಳಿಸುತ್ತದೆ. ಸರ್ವರ್ ಅದನ್ನು ಓದಿ ಉತ್ತರ ಬರೆಯುತ್ತದೆ. ಒಂದು ಕೋರಿಕೆ, ಅದಕ್ಕೊಂದು ಉತ್ತರ. ಈ ವ್ಯವಹಾರ ಹೇಗೆ ನಡೆಯಬೇಕು, ಪತ್ರದ ಯಾವ ಸಾಲಿನಲ್ಲಿ ಏನಿರಬೇಕು ಎಂಬ ನಿಯಮಾವಳಿಗೆ ‘ಹೈಪರ್‌ಟೆಕ್ಸ್ಟ್ ಟ್ರಾನ್ಸ್‌ಫರ್ ಪ್ರೋಟೊಕಾಲ್’ ಎಂದು ಹೆಸರು. ಚಿಕ್ಕದಾಗಿ ಎಚ್‌ಟಿಟಿಪಿ. ತಾಣದ ವಿಳಾಸದ ಮೊದಲಿಗೆ ಕಾಣುವ ಅಕ್ಷರಗಳು ಇವೇ. ಫೋನಿನ ಆ್ಯಪ್‌ಗಳಲ್ಲಿ ವಿಳಾಸದ ಪಟ್ಟಿ ಕಾಣದಿದ್ದರೂ ಅವುಗಳಲ್ಲಿ ಬಹುಪಾಲು ತಮ್ಮ ಸರ್ವರ್ ಜತೆ ಮಾತಾಡುವುದು ಇದೇ ನಿಯಮದಲ್ಲಿ.

ಒಂದೇ ಸಾಲಿನ ಕೋರಿಕೆ

ಈ ನಿಯಮಾವಳಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸೆರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ. ನಾನಾ ದೇಶಗಳಿಂದ ಬಂದ ವಿಜ್ಞಾನಿಗಳು ಬೇರೆ ಬೇರೆ ಬಗೆಯ ಗಣಕಗಳಲ್ಲಿ ತಮ್ಮ ಟಿಪ್ಪಣಿಗಳನ್ನು ಇಟ್ಟುಕೊಂಡಿದ್ದರು. ಒಬ್ಬರದು ಇನ್ನೊಬ್ಬರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದಕ್ಕೊಂದು ಉಪಾಯವನ್ನು ಬರೆದು ಮೇಲಧಿಕಾರಿಗಳ ಮುಂದಿಟ್ಟರು. ಅದೇ ಬೆಳೆದು ಜಗದ್ವ್ಯಾಪಿ ಜಾಲವಾಯಿತು. 1991ರ ಮೊದಲ ರೂಪದಲ್ಲಿ ಕೋರಿಕೆ ಎಂದರೆ ಒಂದೇ ಒಂದು ಸಾಲು: ‘ಗೆಟ್’, ಆಮೇಲೆ ಪುಟದ ಹೆಸರು. ಉತ್ತರವಾಗಿ ಪುಟ ಬರುತ್ತಿತ್ತು. ಉತ್ತರಕ್ಕೆ ಸಂಖ್ಯೆಯೂ ಇರಲಿಲ್ಲ, ಷರಾ ಬರೆಯಲು ಜಾಗವೂ ಇರಲಿಲ್ಲ.

1993ರ ಏಪ್ರಿಲ್ 30ರಂದು ಸೆರ್ನ್ ಸಂಸ್ಥೆ ಈ ಜಾಲದ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕ ಕೊಡತೊಡಗಿದ್ದು 1995ರ ಆಗಸ್ಟ್ 15ರಂದು. ಮರುವರ್ಷ, 1996ರಲ್ಲಿ, ಎಚ್‌ಟಿಟಿಪಿಯ 1.0 ಆವೃತ್ತಿ ಲಿಖಿತ ರೂಪ ಪಡೆಯಿತು. 1997ರಲ್ಲಿ 1.1, 2015ರಲ್ಲಿ 2, 2022ರಲ್ಲಿ 3ನೇ ಆವೃತ್ತಿ ಬಂದವು. ಪ್ರತಿ ಸಲವೂ ವೇಗ ಹೆಚ್ಚಿತು, ಪತ್ರ ಕಟ್ಟುವ ರೀತಿ ಬದಲಾಯಿತು. ಆದರೆ ‘ಕೇಳು, ಉತ್ತರ ಪಡೆ’ ಎಂಬ ಮೂಲ ಕ್ರಮ ಮಾತ್ರ ಬದಲಾಗಿಲ್ಲ.

ಹೋಬಳಿ: ಅಂಬಾಜಿದುರ್ಗ

ಈಗ ಒಂದು ಕೋರಿಕೆಯ ಬೆನ್ನು ಹತ್ತಿ ಹೋಗಿ ನೋಡಬಹುದು. ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಜಮೀನಿನ ಪಹಣಿಯಲ್ಲಿ ಹೆಸರು ಸರಿಯಾಗಿದೆಯೇ ಎಂದು ರೈತರೊಬ್ಬರು ನೋಡಬೇಕು. ಮಗಳು ಹತ್ತನೇ ತರಗತಿ. ‘ಅಪ್ಪಾ, ಸರ್ವೆ ನಂಬರ್ ಹೇಳು’ ಎಂದು ಫೋನ್ ಹಿಡಿದು ಕೂರುತ್ತಾಳೆ.

ಪಹಣಿ ಫೋನಿಗೆ ಬರುವಂತಾದುದರ ಹಿಂದೆ ದೊಡ್ಡ ಕೆಲಸ ನಡೆದಿದೆ. ರಾಜ್ಯದ ‘ಭೂಮಿ’ ಯೋಜನೆಯಡಿ 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಮೊದಲು ಅವು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುತ್ತಿದ್ದವು. ಆಮೇಲೆ ಅಂತರಜಾಲದಲ್ಲೂ ನೋಡುವಂತಾಯಿತು.

ಮಗಳು ತಾಣದ ಹೆಸರು ಬರೆದು ಒತ್ತುತ್ತಾಳೆ. ಆದರೆ ಯಂತ್ರಗಳ ನಡುವೆ ಹೆಸರು ನಡೆಯುವುದಿಲ್ಲ, ಸಂಖ್ಯೆ ಬೇಕು. ಹಿಂದೆ ದೂರವಾಣಿ ಡೈರೆಕ್ಟರಿ ತೆಗೆದು ಹೆಸರಿನ ಎದುರಿನ ನಂಬರ್ ಹುಡುಕುತ್ತಿದ್ದರಲ್ಲ, ಹಾಗೆ ಬ್ರೌಸರ್ ಮೊದಲು ಡಿಎನ್‌ಎಸ್ ಎಂಬ ನಾಮಸೂಚಿಯನ್ನು ಕೇಳಿ ಸರ್ವರಿನ ಸಂಖ್ಯೆ ತಿಳಿದುಕೊಳ್ಳುತ್ತದೆ. ಇದು ಮೊದಲ ಹೆಜ್ಜೆ. ಎರಡನೆಯದು ಸಂಪರ್ಕ. ಫೋನಿನಿಂದ ಹತ್ತಿರದ ಟವರಿಗೆ ರೇಡಿಯೋ ಅಲೆ, ಅಲ್ಲಿಂದ ಮುಂದೆ ಹೆಚ್ಚಾಗಿ ನೆಲದೊಳಗಿನ ಗಾಜಿನ ಎಳೆ. ಚಿಂತಾಮಣಿಯಿಂದ ಬೆಂಗಳೂರಿಗೆ ಸುಮಾರು 75 ಕಿ.ಮೀ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ವೇಗದಲ್ಲಿ ಓಡುತ್ತದೆ. ಲೆಕ್ಕ ಹಾಕಿದರೆ ಆ ದೂರ ಕ್ರಮಿಸಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಆದ್ದರಿಂದ ಪುಟ ಬರಲು ತಡವಾದರೆ ಅದಕ್ಕೆ ಕಾರಣ ದೂರವಲ್ಲ. ಟವರಿನಲ್ಲಿ ನೂಕುನುಗ್ಗಲೋ ಸರ್ವರಿನಲ್ಲಿ ಸಾಲೋ ಇರಬೇಕು.

ಮೂರನೆಯ ಹೆಜ್ಜೆ ಕೋರಿಕೆ. ಪಹಣಿ ನೋಡುವ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ – ಹೀಗೆ ಒಂದಾದ ಮೇಲೊಂದು ಆರಿಸಬೇಕು. ‘ಚಿಂತಾಮಣಿ’ ಎಂದು ಆರಿಸಿದ ಮೇಲೆ ಹೋಬಳಿಗಳ ಪಟ್ಟಿ ಬರಲು ಕ್ಷಣಕಾಲ ತಡವಾಗುವುದನ್ನು ಹಲವರು ಗಮನಿಸಿರಬಹುದು. ಆ ಕ್ಷಣದಲ್ಲಿ ಒಂದು ಕೋರಿಕೆ ಹೋಗಿ ಒಂದು ಉತ್ತರ ಬಂದಿರುತ್ತದೆ. ‘ಅಂಬಾಜಿದುರ್ಗ’ ಎಂದು ಆರಿಸಿದರೆ ಮತ್ತೊಂದು ಕೋರಿಕೆ. ಅದರ ಉತ್ತರ ಆ ಹೋಬಳಿಯ ಹಳ್ಳಿಗಳ ಪಟ್ಟಿ. ಪಹಣಿ ಕಣ್ಣಿಗೆ ಬೀಳುವಷ್ಟರಲ್ಲಿ ಇಂಥ ಹತ್ತಾರು ಪತ್ರಗಳು ಓಡಾಡಿರುತ್ತವೆ.

ಪತ್ರದ ಒಳಗೆ

ಆ ಪತ್ರದಲ್ಲಿ ಏನಿರುತ್ತದೆ? ನಿಜವಾದ ಪತ್ರ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಕನ್ನಡದಲ್ಲಿ ಬರೆದುಕೊಂಡರೆ ಸ್ಥೂಲವಾಗಿ ಹೀಗೆ:

ಗೆಟ್ /ಪುಟದ ದಾರಿ ಎಚ್‌ಟಿಟಿಪಿ/1.1
ಹೋಸ್ಟ್: ತಾಣದ ಹೆಸರು
ಯೂಸರ್-ಏಜೆಂಟ್: ಬ್ರೌಸರಿನ ಹೆಸರು
ಅಕ್ಸೆಪ್ಟ್-ಲ್ಯಾಂಗ್ವೇಜ್: ಕೆಎನ್

ಮೊದಲ ಸಾಲು ಆದೇಶ: ಇಂಥ ಪುಟ ತಂದುಕೊಡು. ಎರಡನೆಯದು ಯಾರ ಮನೆಗೆ ಬಂದ ಪತ್ರ ಎಂದು ತಿಳಿಸುತ್ತದೆ. ಏಕೆಂದರೆ ಒಂದೇ ಸರ್ವರಿನಲ್ಲಿ ಹಲವು ತಾಣಗಳು ಬಾಡಿಗೆಗೆ ಇರಬಹುದು. ಮೂರನೆಯದು ಕೇಳುತ್ತಿರುವವರ ಪರಿಚಯ. ನಾಲ್ಕನೆಯ ಸಾಲು ಕನ್ನಡಿಗರಿಗೆ ಮುಖ್ಯ. ‘ಕೆಎನ್’ ಎಂಬುದು ಕನ್ನಡದ ಅಂತರರಾಷ್ಟ್ರೀಯ ಸಂಕೇತ. ‘ಸಾಧ್ಯವಿದ್ದರೆ ಉತ್ತರ ಕನ್ನಡದಲ್ಲಿರಲಿ’ ಎಂದು ಆ ಸಾಲಿನ ಅರ್ಥ. ಬ್ರೌಸರಿನ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಮೇಲಕ್ಕೆ ತಂದರೆ ಈ ಸಾಲು ತಾನಾಗಿ ಬದಲಾಗುತ್ತದೆ. ಕೊಡುವುದು ಬಿಡುವುದು ಸರ್ವರಿಗೆ ಬಿಟ್ಟದ್ದು. ಆದರೆ ಕೇಳದವರಿಗೆ ಕನ್ನಡ ಬಡಿಸುವ ಸರ್ವರ್ ಇನ್ನೂ ಅಪರೂಪ.

ಇನ್ನೊಂದು ಕುತೂಹಲದ ಸಂಗತಿ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂಥ ತಾಣದಲ್ಲಿ ‘ಅಂಬಾಜಿದುರ್ಗ’ ಎಂದು ಬರೆದು ಹುಡುಕಿ, ಆ ವಿಳಾಸವನ್ನು ನಕಲು ಮಾಡಿ ಗೆಳೆಯರಿಗೆ ಕಳಿಸಿದರೆ ಹೆಸರಿನ ಬದಲು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿ ಹೋಗುವುದುಂಟು. ‘ಇದೇನೋ ವೈರಸ್’ ಎಂದು ಹೆದರಿ ಅಳಿಸುವವರೂ ಇದ್ದಾರೆ. ಅದು ವೈರಸ್ ಅಲ್ಲ, ನಮ್ಮದೇ ಕನ್ನಡ. ಪತ್ರದ ಮೊದಲ ಸಾಲಿನಲ್ಲಿ ಕನ್ನಡ ಅಕ್ಷರಗಳಿಗೆ ಅವಕಾಶವಿಲ್ಲ. ಆದ್ದರಿಂದ ಬ್ರೌಸರ್ ಪ್ರತಿ ಅಕ್ಷರವನ್ನೂ ಸಂಕೇತಕ್ಕೆ ಇಳಿಸುತ್ತದೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯ ಲೆಕ್ಕದಲ್ಲಿ ‘ಅಂಬಾಜಿದುರ್ಗ’ ಎಂಬಲ್ಲಿ 11 ಚಿಹ್ನೆಗಳಿವೆ: ಅ, ಸೊನ್ನೆ, ಬ, ಇಳಿ, ಜ, ಗುಡಿಸು, ದ, ಕೊಂಬು, ರ, ಹಲಂತದ ಗುರುತು, ಗ. ಒಂದೊಂದಕ್ಕೂ 3 ಬೈಟ್. ಒಟ್ಟು 33 ಬೈಟ್. ಒಂದೊಂದು ಬೈಟನ್ನು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಾಂಕಿಗಳಲ್ಲಿ ಬರೆಯಬೇಕು. ‘ಅ’ ಎಂಬ ಒಂದಕ್ಷರವೇ ‘%ಇ0%ಬಿ2%85’ ಆಗುತ್ತದೆ. ಹೀಗೆ 33ನ್ನು 3ರಿಂದ ಗುಣಿಸಿದರೆ 99. ಕಾಗದದ ಮೇಲೆ ಅರ್ಧ ಸಾಲೂ ಹಿಡಿಯದ ಹೆಸರು ಕೋರಿಕೆಯಲ್ಲಿ 99 ಅಕ್ಷರಗಳ ವೇಷ ತೊಟ್ಟು ಹೋಗುತ್ತದೆ. ಸರ್ವರ್ ಆ ವೇಷ ಕಳಚಿ ಮತ್ತೆ ‘ಅಂಬಾಜಿದುರ್ಗ’ ಎಂದೇ ಓದಿಕೊಳ್ಳುತ್ತದೆ. ಶಾಲೆಯಲ್ಲಿ ಮಕ್ಕಳು ತಮ್ಮ ಊರಿನ ಹೆಸರಿಗೂ ಈ ಲೆಕ್ಕ ಹಾಕಿ ನೋಡಬಹುದು.

ಉತ್ತರದಲ್ಲೂ ಇಂಥ ಷರಾ ಸಾಲುಗಳಿರುತ್ತವೆ. ‘ಈ ಪುಟವನ್ನು ಯೂನಿಕೋಡ್ ಕ್ರಮದಲ್ಲಿ ಓದಿಕೋ’ ಎಂದು ತಿಳಿಸುವ ಸಾಲು ಅವುಗಳಲ್ಲೊಂದು. ಕನ್ನಡ ಜಾಲತಾಣಗಳ ಆರಂಭದ ದಿನಗಳಲ್ಲಿ ಒಂದೊಂದು ತಾಣಕ್ಕೆ ಒಂದೊಂದು ಫಾಂಟ್ ಬೇಕಿತ್ತು. ಅದು ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತಿದ್ದವು. ಇಂದು ಆ ತೊಂದರೆ ಬಹುಮಟ್ಟಿಗೆ ತಪ್ಪಿರುವುದು ಎಲ್ಲರೂ ಒಂದೇ ಅಕ್ಷರಪಟ್ಟಿಗೆ ಒಪ್ಪಿಕೊಂಡದ್ದರಿಂದ.

ಮರೆಗುಳಿ ಸರ್ವರ್

ಎಚ್‌ಟಿಟಿಪಿಗೆ ಒಂದು ವಿಚಿತ್ರ ಸ್ವಭಾವವಿದೆ. ಉತ್ತರ ಕೊಟ್ಟ ಮರುಕ್ಷಣ ಅದು ಕೇಳಿದವರನ್ನು ಮರೆತುಬಿಡುತ್ತದೆ. ಒಂದು ನಿಮಿಷದ ಹಿಂದೆ ಮಾತಾಡಿಸಿದವರೇ ಮತ್ತೆ ಬಂದರೂ ನಿಯಮದ ಪ್ರಕಾರ ಅವರು ಹೊಸಬರು. ಲಕ್ಷಾಂತರ ಜನರನ್ನು ನೆನಪಿಟ್ಟುಕೊಳ್ಳುವ ಹೊರೆ ಇಲ್ಲದಿರಲಿ ಎಂದೇ ಹೀಗೆ ಮಾಡಲಾಗಿದೆ.

ಆದರೆ ಲಾಗಿನ್ ಆದವರನ್ನು ಪುಟ ಪುಟಕ್ಕೂ ‘ನೀವು ಯಾರು?’ ಎಂದು ಕೇಳುತ್ತಿದ್ದರೆ ವ್ಯವಹಾರ ನಡೆಯುವುದು ಹೇಗೆ? ಇದಕ್ಕೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ‘ಕುಕಿ’ ಎಂಬ ಉಪಾಯ ಕಂಡುಹಿಡಿದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ಸರ್ವರ್ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಬ್ರೌಸರ್ ಮುಂದಿನ ಪ್ರತಿ ಕೋರಿಕೆಯ ಜತೆಗೂ ಅದನ್ನು ತೋರಿಸುತ್ತದೆ. ಟೋಕನಿಗೆ ಅವಧಿ ಇರುತ್ತದೆ. ಅರ್ಜಿ ತುಂಬುತ್ತ ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದು ಹೋಗಿ ಬಂದರೆ ‘ಸೆಷನ್ ಮುಗಿದಿದೆ’ ಎಂದು ಬರುವುದು ಇದರಿಂದಲೇ. ಅದು ಸರ್ವರ್ ಇಲ್ಲದ್ದಲ್ಲ, ಟೋಕನ್ ಹಳತಾದದ್ದು. ವಿದ್ಯಾರ್ಥಿವೇತನದ ಅರ್ಜಿ ಹಾಕುವವರು ದಾಖಲೆಗಳನ್ನೆಲ್ಲ ಮೊದಲೇ ಹೊಂದಿಸಿಕೊಂಡು ಕೂರುವುದು ಒಳ್ಳೆಯದು.

ಕೋರಿಕೆಗಳಲ್ಲೂ ಮುಖ್ಯವಾಗಿ ಎರಡು ಜಾತಿ. ‘ಗೆಟ್’ ಎಂದರೆ ತಂದುಕೊಡು, ‘ಪೋಸ್ಟ್’ ಎಂದರೆ ಇದನ್ನು ತೆಗೆದುಕೋ. ಲೇಖನ ಓದುವುದು, ಬಸ್ಸಿನ ವೇಳೆ ನೋಡುವುದು ಮೊದಲನೆಯ ಜಾತಿ. ಎಷ್ಟು ಸಲ ಕೇಳಿದರೂ ಹಾನಿಯಿಲ್ಲ. ಅರ್ಜಿ ಸಲ್ಲಿಸುವುದು, ಪರೀಕ್ಷಾ ಶುಲ್ಕ ಕಟ್ಟುವುದು ಎರಡನೆಯದು. ಅಲ್ಲಿ ಎರಡು ಸಲ ಒತ್ತಿದರೆ ಎರಡು ಸಲ ಸಲ್ಲಿಸಿದ ಹಾಗೆ ಆಗಬಹುದು. ಹಣ ಕಟ್ಟಿದ ಮೇಲೆ ಪುಟ ಸಿಕ್ಕಿಹಾಕಿಕೊಂಡರೆ ತಕ್ಷಣ ಮತ್ತೆ ಒತ್ತಬಾರದು. ಬ್ಯಾಂಕಿನ ಖಾತೆಯಲ್ಲಿ ಹಣ ಕಡಿತವಾಗಿದೆಯೇ ಎಂದು ಮೊದಲು ನೋಡಬೇಕು. ‘ಅರ್ಜಿಯನ್ನು ಮತ್ತೆ ಕಳಿಸಲೇ?’ ಎಂದು ಬ್ರೌಸರ್ ತಡೆದು ಕೇಳುವುದು ಇದೇ ಕಾರಣಕ್ಕೆ. ಅದಕ್ಕೆ ಅವಸರದಲ್ಲಿ ‘ಹೂಂ’ ಎಂದವರು ಆಮೇಲೆ ಪರಿತಪಿಸಬೇಕಾಗುತ್ತದೆ.

ಮೂರು ಅಂಕಿಯ ಉತ್ತರ

ಈಗ ‘ಸರ್ವರ್ ಇಲ್ಲ’ ಎಂಬ ಮಾತಿಗೆ ಬರಬಹುದು. ಸರ್ವರ್ ಕೊಡುವ ಪ್ರತಿ ಉತ್ತರದ ಮೊದಲ ಸಾಲಿನಲ್ಲಿ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. ಅದರ ಮೊದಲ ಅಂಕಿಯನ್ನು ನೋಡಿದರೆ ಅರ್ಧ ಸಂಗತಿ ತಿಳಿದಂತೆ.

2ರಿಂದ ಶುರುವಾದರೆ ಎಲ್ಲ ಸರಿ. 200 ಎಂದರೆ ‘ಆಯಿತು, ತಗೊಳ್ಳಿ’. ಪುಟ ಸರಿಯಾಗಿ ಬಂದಾಗ ಈ ಸಂಖ್ಯೆ ಕಣ್ಣಿಗೆ ಕಾಣುವುದಿಲ್ಲ.

3ರಿಂದ ಶುರುವಾದರೆ ಇನ್ನೊಂದು ಕಡೆ ನೋಡಿ ಎಂದರ್ಥ. 301 ಎಂದರೆ ಅಂಗಡಿ ಬೇರೆ ಬೀದಿಗೆ ಹೋಗಿದೆ, ಹೊಸ ವಿಳಾಸ ಇದು. 304 ಎಂದರೆ ನಿಮ್ಮ ಬಳಿ ಇರುವ ಪ್ರತಿಯೇ ಸರಿಯಿದೆ, ಅದನ್ನೇ ಬಳಸಿ.

4ರಿಂದ ಶುರುವಾದರೆ ಕೇಳಿದ್ದರಲ್ಲಿ ಏನೋ ಐಬು. 400 – ಕೋರಿಕೆ ಅರ್ಥವಾಗಲಿಲ್ಲ. 401 – ಮೊದಲು ನೀವು ಯಾರೆಂದು ತೋರಿಸಿ. 403 – ಅರ್ಥವಾಯಿತು, ಆದರೆ ನಿಮಗೆ ಅನುಮತಿ ಇಲ್ಲ. 404 – ಆ ಹೆಸರಿನ ಪುಟ ಇಲ್ಲಿಲ್ಲ. 429 – ಅತಿಯಾಗಿ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ. ಇಲ್ಲಿ ನಾಳೆ ಬಂದರೂ ಪ್ರಯೋಜನವಿಲ್ಲದಿರಬಹುದು. ವಿಳಾಸವನ್ನೋ ಕೇಳುವ ರೀತಿಯನ್ನೋ ತಿದ್ದಿಕೊಳ್ಳಬೇಕು. ತಾಣದವರೇ ಪುಟವನ್ನು ತೆಗೆದುಹಾಕಿದ್ದರೂ 404 ಬರುವುದುಂಟು.

5ರಿಂದ ಶುರುವಾದರೆ ತೊಂದರೆ ಸರ್ವರಿನ ಕಡೆಯದು. 500 ಎಂದರೆ ಅಡುಗೆಮನೆಯಲ್ಲೇ ಏನೋ ಕೆಟ್ಟಿದೆ. 502, 504 ಎಂದರೆ ಸಪ್ಲೈಯರ್ ಇದ್ದಾನೆ, ಅಡುಗೆಮನೆಯಿಂದ ಸರಿಯಾದ ಉತ್ತರ ಬರಲಿಲ್ಲ ಅಥವಾ ಹೊತ್ತಿಗೆ ಬರಲಿಲ್ಲ. ಒಳಗೆ ದಾಖಲೆಗಳನ್ನು ಇಟ್ಟಿರುವ ಇನ್ನೊಂದು ಯಂತ್ರ ಕೈಕೊಟ್ಟಾಗ ಹೀಗಾಗುತ್ತದೆ. 503 ಎಂದರೆ ಸದ್ಯಕ್ಕೆ ಸೇವೆ ಕೊಡಲಾಗುತ್ತಿಲ್ಲ. ಜನ ತುಂಬಿದ್ದಾರೆ ಅಥವಾ ದುರಸ್ತಿ ನಡೆದಿದೆ. ಎಷ್ಟು ಹೊತ್ತು ಬಿಟ್ಟು ಬರಬೇಕೆಂದು ಈ ಉತ್ತರದ ಜತೆಗೆ ಬರೆದು ಕಳಿಸಲೂ ನಿಯಮದಲ್ಲಿ ಅವಕಾಶವಿದೆ.

ಇನ್ನು ಕೊನೆಯದು, ಯಾವ ಸಂಖ್ಯೆಯೂ ಬಾರದಿರುವುದು. ‘ತಾಣವನ್ನು ತಲುಪಲಾಗಲಿಲ್ಲ’ ಎಂದಷ್ಟೇ ಬ್ರೌಸರ್ ತಾನಾಗಿ ಹೇಳುತ್ತದೆ. ಆಗ ಪತ್ರ ಸರ್ವರಿಗೆ ಮುಟ್ಟಿಲ್ಲ ಅಥವಾ ಉತ್ತರ ಹಿಂದಿರುಗಿಲ್ಲ. ಹೆಸರು ತಪ್ಪಾಗಿ ಬರೆದಿರಬಹುದು, ಟವರಿಗೆ ಕರೆಂಟ್ ಹೋಗಿರಬಹುದು, ರಸ್ತೆ ಬದಿ ಜೆಸಿಬಿ ಅಗೆಯುವಾಗ ಕೇಬಲ್ ತುಂಡಾಗಿರಬಹುದು. ದೂರದ ಸರ್ವರೇ ನಿಂತುಹೋಗಿದ್ದರೂ ಹೀಗಾಗಬಹುದು. ಪರೀಕ್ಷಿಸುವ ಬಗೆ ಸುಲಭ: ಬೇರೆ ಯಾವುದಾದರೂ ತಾಣ ತೆರೆದು ನೋಡುವುದು. ಅದೂ ಬಾರದಿದ್ದರೆ ದೋಷ ನಮ್ಮ ಸಂಪರ್ಕದ್ದು. ಹಾಗಿದ್ದಾಗ ಬೆಂಗಳೂರಿನ ಸರ್ವರನ್ನು ಬೈದು ಫಲವಿಲ್ಲ.

ನೋಡಿ, ಒಂದೇ ಮಾತಿನ ಹಿಂದೆ ಎಷ್ಟು ಬೇರೆ ಬೇರೆ ಕಾಯಿಲೆಗಳು! ಜ್ವರ ಎಂದು ಹೋದವರನ್ನು ಎಷ್ಟು ಡಿಗ್ರಿ ಎಂದು ವೈದ್ಯರು ಕೇಳುವುದಿಲ್ಲವೆ? ಹಾಗೆಯೇ ‘ಸರ್ವರ್ ಇಲ್ಲ’ ಎಂದವರನ್ನು ‘ತೆರೆಯ ಮೇಲೆ ಏನೆಂದು ಬಂತು? ನಂಬರ್ ಏನಾದರೂ ಇದೆಯೇ?’ ಎಂದು ವಿನಯದಿಂದಲೇ ಕೇಳಬಹುದು. ದಿನಾಂಕ, ಗಂಟೆ, ಆ ಸಂಖ್ಯೆ – ಈ ಮೂರನ್ನು ಬರೆದುಕೊಂಡರೆ ಮುಂದೆ ದೂರು ಕೊಡಲೂ ಅನುಕೂಲ. ಅರ್ಜಿಯ ಕೊನೆಯ ದಿನ ದಾಟಿಹೋದಾಗ ‘ಸರ್ವರ್ ಇರಲಿಲ್ಲ ಸ್ವಾಮಿ’ ಎಂಬ ಬಾಯಿಮಾತಿಗಿಂತ 503 ತೋರಿಸುವ ತೆರೆಯ ಚಿತ್ರಕ್ಕೆ ತೂಕ ಹೆಚ್ಚು.

ಫಲಿತಾಂಶದ ದಿನ

ಈ ತಿಳಿವಳಿಕೆ ಅತ್ಯಂತ ಅಗತ್ಯವಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ರಾಜ್ಯದಲ್ಲಿ ಪ್ರತಿವರ್ಷ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಪರೀಕ್ಷೆಗೆ ಕೂರುತ್ತಾರೆ. ಲೆಕ್ಕಕ್ಕೆ 8 ಲಕ್ಷವೆಂದೇ ಹಿಡಿಯೋಣ. ಎಲ್ಲರೂ ಮೊದಲ 10 ನಿಮಿಷದಲ್ಲಿ ಒಮ್ಮೆ ಕೇಳಿದರೆ ಸೆಕೆಂಡಿಗೆ ಸುಮಾರು 1,333 ಮಂದಿ. ಒಂದು ಪುಟ ಎಂದರೆ ಅಕ್ಷರ, ಚಿತ್ರ, ಲಾಂಛನ, ವಿನ್ಯಾಸ ಎಲ್ಲಕ್ಕೂ ಬೇರೆ ಬೇರೆ ಕೋರಿಕೆ. ಪುಟಕ್ಕೆ 10 ಎಂದರೂ ಸೆಕೆಂಡಿಗೆ 13,000 ದಾಟಿತು. ಪುಟ ಬರಲಿಲ್ಲವೆಂದು ಒಬ್ಬೊಬ್ಬರೂ ಐದೈದು ಸಲ ಒತ್ತಿದರೆ 66,000! ಅಪ್ಪ, ಅಮ್ಮ, ಮಾವ, ಪಕ್ಕದ ಮನೆಯವರು ತಮ್ಮ ತಮ್ಮ ಫೋನಿನಲ್ಲಿ ನೋಡತೊಡಗಿದರೆ ಇನ್ನೂ ಹೆಚ್ಚು. ಬಸ್ಸಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾರೂ ಹತ್ತಲಾಗದು. ಸರ್ವರಿನ ಬಾಗಿಲೂ ಹಾಗೆಯೇ.

ಆ ಹೊತ್ತಿಗೆ ತೆರೆಯ ಮೇಲೆ 503 ಅಥವಾ 504 ಬಂದರೆ ಅದು ಸರ್ವರಿನ ಸ್ಥಿತಿ, ಮಗುವಿನ ಫಲಿತಾಂಶವಲ್ಲ. ‘ನನ್ನ ನಂಬರ್ ಬರುತ್ತಿಲ್ಲ’ ಎಂದು ಕಂಗಾಲಾದ ಮಗುವಿಗೆ ಮನೆಯವರು ಹೇಳಬೇಕಾದ ಮೊದಲ ಮಾತು ಇದು. 404 ಬಂದರೂ ಹೆದರಬೇಕಿಲ್ಲ. ಪುಟವನ್ನು ಇನ್ನೂ ತೆರೆದಿಲ್ಲದಿರಬಹುದು ಅಥವಾ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿರಬಹುದು. ಕಾಲು ಗಂಟೆ ಫೋನನ್ನು ಕೆಳಗಿಟ್ಟು, ಕಾಫಿಯೋ ಮಜ್ಜಿಗೆಯೋ ಕುಡಿದು ಮತ್ತೆ ನೋಡಿದರೆ ನಷ್ಟವೇನೂ ಇಲ್ಲ. ಅಂಕಗಳು ಆ ಹದಿನೈದು ನಿಮಿಷದಲ್ಲಿ ಬದಲಾಗುವುದಿಲ್ಲ. ಸಂದೇಹ ಉಳಿದರೆ ಶಾಲೆಯಲ್ಲಿ ವಿಚಾರಿಸುವ ದಾರಿ ಇದ್ದೇ ಇದೆ.

ಬೀಗದ ಗುರುತು

ವಿಳಾಸದ ಮೊದಲಲ್ಲಿ ಎಚ್‌ಟಿಟಿಪಿಯ ಕೊನೆಗೆ ಒಂದು ‘ಎಸ್’ ಸೇರಿರುವುದನ್ನೂ ಗಮನಿಸಬೇಕು. ‘ಎಸ್’ ಇಲ್ಲದ ಕೋರಿಕೆ ಅಂಚೆ ಕಾರ್ಡ್ ಇದ್ದ ಹಾಗೆ. ದಾರಿಯಲ್ಲಿ ಕೈಗೆ ಸಿಕ್ಕ ಯಾರು ಬೇಕಾದರೂ ಓದಬಹುದು. ‘ಎಸ್’ ಇದ್ದರೆ ಅದು ಅರಗಿನ ಮುದ್ರೆ ಹಾಕಿದ ಲಕೋಟೆ. ಕಳಿಸಿದವರು ಮತ್ತು ಪಡೆದವರಿಗೆ ಮಾತ್ರ ಒಳಗಿನದು ಕಾಣುತ್ತದೆ. ‘ಎಸ್’ ಇಲ್ಲದ ಪುಟದಲ್ಲಿ ಪಾಸ್‌ವರ್ಡ್ ಆಗಲಿ, ಆಧಾರ್ ಸಂಖ್ಯೆಯಾಗಲಿ ಬರೆಯಬಾರದು.

ಆದರೆ ಇಲ್ಲೊಂದು ಎಚ್ಚರ ಬೇಕು. ಲಕೋಟೆ ಭದ್ರವಾಗಿದೆ ಎಂದ ಮಾತ್ರಕ್ಕೆ ಅದನ್ನು ತೆರೆಯುವವನು ಪ್ರಾಮಾಣಿಕ ಎಂದಲ್ಲ. ಮೋಸಗಾರರ ತಾಣಕ್ಕೂ ಬೀಗದ ಗುರುತು ಸಿಗುತ್ತದೆ. ನೋಡಬೇಕಾದದ್ದು ತಾಣದ ಹೆಸರಿನ ಬಾಲವನ್ನು. ಎಚ್‌ಟಿಟಿಪಿಎಸ್ ಆದ ಮೇಲೆ ಬರುವ ಹೆಸರನ್ನು ಮೊದಲ ಓರೆಗೆರೆಯ ತನಕ ಓದಿ, ಬಲಗಡೆಯ ತುದಿಯಿಂದ ಹಿಂದಕ್ಕೆ ಬರಬೇಕು. ಸರ್ಕಾರಿ ತಾಣವಾದರೆ ಆ ತುದಿಯಲ್ಲಿ ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಇರುತ್ತದೆ. ‘ಕರ್ನಾಟಕ’, ‘ಗೌರ್ಮೆಂಟ್’, ‘ರಿಸಲ್ಟ್’ ಎಂಬ ಪದಗಳು ಹೆಸರಿನ ಮೊದಲಲ್ಲೋ ನಡುವೆಯೋ ಇದ್ದು ಬಾಲದಲ್ಲಿ ಬೇರೇನೋ ಇದ್ದರೆ ಅನುಮಾನಿಸಬೇಕು. ಫಲಿತಾಂಶ ತೋರಿಸಲು ಹಣವನ್ನೋ ಒಟಿಪಿಯನ್ನೋ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಮಾಡಿ ನೋಡಿ

ಶಾಲೆಯ ಗಣಕ ಕೊಠಡಿಯಲ್ಲಿ ಇದನ್ನೆಲ್ಲ ಕಣ್ಣಾರೆ ನೋಡಬಹುದು. ಬ್ರೌಸರ್ ತೆರೆದು ‘ಎಫ್12’ ಕೀಲಿ ಒತ್ತಿ, ‘ನೆಟ್‌ವರ್ಕ್’ ಎಂಬ ಭಾಗಕ್ಕೆ ಹೋಗಿ, ಯಾವುದಾದರೂ ತಾಣ ತೆರೆಯಿರಿ. ಕೋರಿಕೆಗಳು ಸಾಲು ಸಾಲಾಗಿ ಬೀಳುತ್ತವೆ. ಒಂದೊಂದರ ಎದುರು ಅದರ ಸಂಖ್ಯೆ, ಗಾತ್ರ, ತೆಗೆದುಕೊಂಡ ಸಮಯ ಇರುತ್ತದೆ. ಒಂದು ಪುಟಕ್ಕೆ ಒಟ್ಟು ಎಷ್ಟು ಕೋರಿಕೆಗಳಾದವು? ಎಣಿಸಿ ಬರೆದುಕೊಳ್ಳಿ. ಕನ್ನಡ ವಿಕಿಪೀಡಿಯದ ವಿಳಾಸದ ಕೊನೆಗೆ ಇಲ್ಲದ ಪುಟವೊಂದರ ಹೆಸರು ಬರೆಯಿರಿ. ತೆರೆಯ ಮೇಲೆ ಮರ್ಯಾದೆಯ ಪುಟವೇ ಕಾಣುತ್ತದೆ, ಆದರೆ ಪಟ್ಟಿಯಲ್ಲಿ 404 ಎಂದಿರುತ್ತದೆ. ಆಮೇಲೆ ಸಂಪರ್ಕದ ತಂತಿಯನ್ನು ಬಿಡಿಸಿ ಮತ್ತೆ ಪ್ರಯತ್ನಿಸಿ. ಈಗ ಯಾವ ಸಂಖ್ಯೆಯೂ ಬರುವುದಿಲ್ಲ. 404ಕ್ಕೂ ಈ ಮೌನಕ್ಕೂ ಇರುವ ವ್ಯತ್ಯಾಸವನ್ನು ಒಮ್ಮೆ ನೋಡಿದ ಮಕ್ಕಳು ಅದನ್ನು ಮರೆಯಲಾರರು. ಮನೆಗೆ ಹೋಗಿ ಅಪ್ಪ ಅಮ್ಮನಿಗೂ ತಿಳಿಸಿಕೊಟ್ಟರೆ, ಮುಂದಿನ ಸಲ ಕಚೇರಿಯ ಕಿಟಕಿಯಲ್ಲಿ ಅವರು ಇನ್ನೊಂದು ಪ್ರಶ್ನೆ ಕೇಳಿಯೇ ಹಿಂದಿರುಗುತ್ತಾರೆ.